‘ಕುರಿತು’ ಬಿಡಿ, ಪ್ರಶ್ನೆ ಬರೆಯಿರಿ: ಆಫೀಸ್ ಮೀಟಿಂಗಿಗೆ ಅಜೆಂಡಾ ಹಾಕುವ ಸಮಗ್ರ ಮಾರ್ಗದರ್ಶಿ

ಬೆಂಗಳೂರಿನ ಪೀಣ್ಯದ ಒಂದು ಸಣ್ಣ ಫ್ಯಾಕ್ಟರಿಯಲ್ಲಿ ನಾನು ಕೆಲವು ವರ್ಷ ಪ್ರೊಡಕ್ಷನ್ ಪ್ಲ್ಯಾನಿಂಗ್ ನೋಡಿಕೊಳ್ಳುತ್ತಿದ್ದೆ. ಕಂಪ್ಯೂಟರ್ ನಡೆಸುವ ಸಿಎನ್‌ಸಿ ಮಷಿನ್‌ಗಳಲ್ಲಿ ಬುಷ್ (ಕೊಳವೆಯಂಥ ಲೋಹದ ಬಿಡಿಭಾಗ), ಶಾಫ್ಟ್ (ಅದರೊಳಗೆ ಕೂರುವ ದಂಡ) ಮಾಡಿ ದೊಡ್ಡ ಕಂಪನಿಗಳಿಗೆ ಕೊಡುವ ಜಾಗ. ಪ್ರತಿ ಸೋಮವಾರ ಬೆಳಿಗ್ಗೆ 10ಕ್ಕೆ ಮೀಟಿಂಗ್. ಅಜೆಂಡಾ ಕಳಿಸುವುದು ನನ್ನ ಕೆಲಸ. ಮೊದಲ ವರ್ಷ ನಾನು ಕಳಿಸುತ್ತಿದ್ದದ್ದು ಹೀಗಿತ್ತು:

1. ಹಿಂದಿನ ಸಭೆಯ ನಡಾವಳಿ ಓದಿ ದೃಢೀಕರಿಸುವ ಕುರಿತು
2. ಉತ್ಪಾದನೆ ಕುರಿತು
3. ರಿಜೆಕ್ಷನ್ ಕುರಿತು
4. ಡಿಸ್ಪ್ಯಾಚ್ ಕುರಿತು
5. ಆಯುಧಪೂಜೆ ಕುರಿತು
6. ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರೆ ವಿಷಯಗಳು

ನೋಡಲು ಲಕ್ಷಣವಾಗಿಯೇ ಇತ್ತು. ಊರಿನ ಹಾಲಿನ ಸೊಸೈಟಿ ನೋಟಿಸ್ ಬೋರ್ಡ್ ನೋಡಿ ಕಲಿತ ಶೈಲಿ ಅದು. ಆದರೆ 10ಕ್ಕೆ ಕೂತ ಒಂಬತ್ತು ಜನ ಏಳುವಾಗ ಹನ್ನೆರಡೂಕಾಲು ಆಗುತ್ತಿತ್ತು. ಎದ್ದ ಮೇಲೆ ಯಾರನ್ನಾದರೂ ‘ಏನ್ ತೀರ್ಮಾನ ಆಯ್ತು?’ ಅಂತ ಕೇಳಿದರೆ ‘ಮಾತಾಡಿದ್ವಲ್ಲ’ ಅನ್ನುತ್ತಿದ್ದರು. ಮುಂದಿನ ಸೋಮವಾರ ಅದೇ ಆರು ಸಾಲು, ತಾರೀಖು ಮಾತ್ರ ಬೇರೆ.

ತಪ್ಪು ಎಲ್ಲಿದೆ ಅಂತ ಗೊತ್ತಾಗಲು ನನಗೆ ಒಂದು ವರ್ಷ ಬೇಕಾಯಿತು. ತಪ್ಪು ‘ಕುರಿತು’ ಅನ್ನುವ ಪದದಲ್ಲಿದೆ. ರಿಜೆಕ್ಷನ್ ಕುರಿತು ಎಷ್ಟು ಹೊತ್ತು ಬೇಕಾದರೂ ಮಾತಾಡಬಹುದು, ಯಾರು ಬೇಕಾದರೂ ಮಾತಾಡಬಹುದು. ಎಲ್ಲಿಗೆ ನಿಲ್ಲಿಸಬೇಕು ಅಂತ ಆ ಪದ ಹೇಳುವುದೇ ಇಲ್ಲ. ಅಜೆಂಡಾಗೆ ಕನ್ನಡದಲ್ಲಿ ಕಾರ್ಯಸೂಚಿ ಅನ್ನುತ್ತೇವೆ, ಅಂದರೆ ಮಾಡಬೇಕಾದ ಕೆಲಸ ಯಾವುದು ಅಂತ ತೋರಿಸುವಂಥದ್ದು. ನಾನು ಬರೆಯುತ್ತಿದ್ದದ್ದು ಸುಮ್ನೆ ಒಂದು ವಿಷಯಸೂಚಿ, ಪುಸ್ತಕದ ಮೊದಲ ಪುಟಗಳಲ್ಲಿ ಇರುತ್ತದಲ್ಲ, ಆ ಥರ.

ಅಲ್ಲಿಂದ ಮುಂದೆ ಒಂದೊಂದಾಗಿ ಬದಲಾಯಿಸುತ್ತಾ ಹೋದೆ. ಆಮೇಲೆ ಸಾಫ್ಟ್‌ವೇರ್ ಆಫೀಸಿಗೆ ಬಂದ ಮೇಲೂ ಅದೇ ಕ್ರಮ ಕೈ ಹಿಡಿಯಿತು. ಆ ಕ್ರಮವನ್ನು ಮೊದಲಿನಿಂದ ಹೇಳುತ್ತೇನೆ.

ಹೆಜ್ಜೆ 1: ಮೀಟಿಂಗ್ ಬೇಕಾ ಅಂತ ಕೇಳಿಕೊಳ್ಳಿ

ಒಂದು ಹಾಳೆ ತೆಗೆದುಕೊಂಡು ಈ ವಾಕ್ಯ ಪೂರ್ತಿ ಮಾಡಿ: ‘ಮೀಟಿಂಗ್ ಮುಗಿದು ಏಳುವಾಗ ನಮ್ಮ ಕೈಯಲ್ಲಿ ______ ಇರಬೇಕು.’ ಖಾಲಿ ಜಾಗದಲ್ಲಿ ಒಂದು ತೀರ್ಮಾನವೋ, ಒಂದು ಪಟ್ಟಿಯೋ, ಒಂದು ತಾರೀಖೋ ಬರಬೇಕು. ‘ಎಲ್ಲರಿಗೂ ಒಂದು ಕ್ಲಾರಿಟಿ’ ಅಂತ ಬಂದರೆ ನಿಮಗೇ ಇನ್ನೂ ಕ್ಲಾರಿಟಿ ಇಲ್ಲ ಅಂತ ಅರ್ಥ. ಏನೂ ಬರದಿದ್ದರೆ ಮೀಟಿಂಗ್ ಬೇಡ.

ಲೆಕ್ಕ ಹಾಕಿ ನೋಡಿ. ನಮ್ಮ ಒಂಬತ್ತು ಜನ ಎರಡೂಕಾಲು ಗಂಟೆ ಕೂತರೆ ಇಪ್ಪತ್ತು ಗಂಟೆ ದಾಟಿತು. ಒಬ್ಬ ಆಪರೇಟರ್‌ನ ಎರಡೂವರೆ ಶಿಫ್ಟ್ ಅದು. ಮಷಿನ್ ಎರಡೂವರೆ ಶಿಫ್ಟ್ ನಿಂತರೆ ಇಡೀ ಫ್ಯಾಕ್ಟರಿ ಓಡಾಡುತ್ತದೆ. ಜನ ಕೂತರೆ ಮಾತ್ರ ಯಾರಿಗೂ ಲೆಕ್ಕವಿಲ್ಲ.

ಬರೀ ಸುದ್ದಿ ತಿಳಿಸುವುದಾದರೆ ವಾಟ್ಸಾಪ್ ಗ್ರೂಪ್ ಸಾಕು. ಇಬ್ಬರ ನಡುವಿನ ತಕರಾರಾದರೆ ಆ ಇಬ್ಬರನ್ನೇ ಕೂರಿಸಿ ಮಾತಾಡಿಸಿ, ಉಳಿದ ಏಳು ಜನರ ಮುಂದೆ ಬೇಡ. ಎಲ್ಲರ ಮುಂದೆ ಕೂತಾಗ ಜನ ಸಮಸ್ಯೆ ಬಿಟ್ಟು ಮರ್ಯಾದೆ ಉಳಿಸಿಕೊಳ್ಳಲು ಮಾತಾಡುತ್ತಾರೆ.

ಹೆಜ್ಜೆ 2: ವಿಷಯ ಕೂಡಿಸಿ

‘ಅಜೆಂಡಾಗೆ ಏನಾದ್ರೂ ಸೇರಿಸೋದಿದ್ರೆ ಹೇಳಿ’ ಅಂತ ಮೆಸೇಜ್ ಹಾಕಿ ನೋಡಿ. ಮೂರು ಹೆಬ್ಬೆರಳು ಬರುತ್ತವೆ, ವಿಷಯ ಒಂದೂ ಬರುವುದಿಲ್ಲ. ಮೀಟಿಂಗ್ ಶುರುವಾದ ಮೇಲೆ ಮಾತ್ರ ಎಲ್ಲರಿಗೂ ಎಲ್ಲವೂ ನೆನಪಾಗುತ್ತದೆ.

ಕೇಳುವ ರೀತಿ ಬದಲಾಯಿಸಿ. ‘ನಿಮ್ಮ ಯಾವ ಕೆಲಸ ಇನ್ನೊಬ್ಬರ ಉತ್ತರಕ್ಕೆ ಕಾಯ್ತಾ ನಿಂತಿದೆ?’ ಅಂತ ಒಬ್ಬೊಬ್ಬರನ್ನೇ ಕೇಳಿ. ಇದಕ್ಕೆ ಉತ್ತರ ಇಲ್ಲದವರೇ ಇಲ್ಲ. ಮೇಲ್ ಮಾಡುವವರಿಗೆ ಮೇಲ್ ಮಾಡಿ, ಉಳಿದವರ ಹತ್ತಿರ ಹೋಗಿ ನಿಂತು ಕೇಳಿ. ನಮ್ಮ ಸ್ಟೋರ್ಸ್‌ನವರು ಯಾವ ಮೆಸೇಜಿಗೂ ಉತ್ತರ ಕೊಟ್ಟವರಲ್ಲ. ಗುರುವಾರ ಸಂಜೆ ಟೀ ಹೊತ್ತಿಗೆ ಹೋದರೆ, ‘ಇನ್ಸರ್ಟ್ ಮುಗೀತಾ ಬಂದಿದೆ, ಪಿ.ಓ. ಮೇಲೆ ಸಹಿ ಆಗಿಲ್ಲ, ಬುಧವಾರ ಮಷಿನ್ ನಿಲ್ಲುತ್ತೆ ನೋಡಿ’ ಅಂತ ಒಂದೇ ಉಸಿರಿಗೆ ಹೇಳುತ್ತಿದ್ದರು. (ಇನ್ಸರ್ಟ್ ಅಂದರೆ ಮಷಿನ್ನಿನ ಕತ್ತರಿಸುವ ತುದಿ, ಪಿ.ಓ. ಅಂದರೆ ಖರೀದಿ ಆದೇಶ.) ಅಜೆಂಡಾದಲ್ಲಿ ಮೊದಲು ಬರಬೇಕಾದ ವಿಷಯ ಟೀ ಲೋಟದ ಪಕ್ಕದಲ್ಲಿ ಸಿಕ್ಕಿದ್ದು ಎಷ್ಟು ಸಲವೋ.

ಜೊತೆಗೆ ಹಿಂದಿನ ಮೀಟಿಂಗಿನ ಹಾಳೆ ತೆಗೆದು, ಬಾಕಿ ಉಳಿದ ಕೆಲಸಗಳನ್ನು ನೋಡಿ. ಮುಗಿದವನ್ನು ಅಜೆಂಡಾಗೆ ತರಬೇಡಿ. ‘ಆಯ್ತು ಸರ್’ ಅಂತ ಹೇಳಿಸುವುದಕ್ಕೆ ಒಂಬತ್ತು ಜನ ಬೇಕಾಗಿಲ್ಲ.

ಹೆಜ್ಜೆ 3: ವಿಷಯವನ್ನು ಪ್ರಶ್ನೆ ಮಾಡಿ

ಇಡೀ ಕೆಲಸದಲ್ಲಿ ಜಾಸ್ತಿ ಹೊತ್ತು ಬೇಡುವುದು ಇದೇ ಹೆಜ್ಜೆ. ಉಳಿದದ್ದೆಲ್ಲ ಅರ್ಧ ಗಂಟೆಯ ಕೆಲಸ.

ಮೊದಲು ಪ್ರತಿ ವಿಷಯವೂ ಮೂರರಲ್ಲಿ ಯಾವ ಜಾತಿ ಅಂತ ನೋಡಿ: ತಿಳಿಸುವುದು, ಯೋಚಿಸುವುದು, ತೀರ್ಮಾನಿಸುವುದು. ಆ ಪದವನ್ನು ವಿಷಯದ ಮುಂದೆಯೇ ಬರೆಯಿರಿ. ಮೀಟಿಂಗ್‌ನಲ್ಲಿ ಆಗುವ ಅರ್ಧ ಜಗಳ ಇಲ್ಲಿಂದಲೇ ಹುಟ್ಟುತ್ತದೆ. ಒಬ್ಬರು ಸುಮ್ನೆ ತಿಳಿಸಲು ಬಂದಿರುತ್ತಾರೆ, ಎದುರಿಗಿರುವವರು ತಮ್ಮ ಅಭಿಪ್ರಾಯ ಕೇಳುತ್ತಿದ್ದಾರೆ ಅಂದುಕೊಂಡು ಶುರು ಮಾಡುತ್ತಾರೆ. ಒಬ್ಬರು ಇನ್ನೂ ಯೋಚನೆ ಮಾಡುತ್ತಿರುತ್ತಾರೆ, ಇನ್ನೊಬ್ಬರು ಆಗಲೇ ತೀರ್ಮಾನ ಬರೆದುಕೊಳ್ಳುತ್ತಿರುತ್ತಾರೆ.

ಆಮೇಲೆ ಪ್ರಶ್ನೆ. ನಮ್ಮ ‘ರಿಜೆಕ್ಷನ್ ಕುರಿತು’ ಹೇಗೆ ಬದಲಾಯಿತು ಅಂತ ಹತ್ತಿರದಿಂದ ತೋರಿಸುತ್ತೇನೆ.

ಒಂದು ಗಿರಾಕಿಗೆ ಕಳಿಸಿದ 1200 ಬುಷ್‌ಗಳಲ್ಲಿ 84 ವಾಪಸ್ ಬಂದಿದ್ದವು. ಒಳಗಿನ ತೂತು ಸಣ್ಣದಾಗಿದೆ, ಶಾಫ್ಟ್ ಕೂರುತ್ತಿಲ್ಲ ಅಂತ ದೂರು. ಎರಡು ಸೋಮವಾರ ಇದರ ಕುರಿತು ಮಾತಾಡಿದೆವು. ಪ್ರೊಡಕ್ಷನ್‌ನವರು ‘ನಮ್ಮಿಂದ ಹೋಗುವಾಗ ಅಳತೆ ಸರಿಯಾಗೇ ಇತ್ತು’ ಅಂದರು. ಕ್ವಾಲಿಟಿಯವರು ರಿಪೋರ್ಟ್ ತೋರಿಸಿದರು. ಪರ್ಚೇಸ್‌ನವರು ಪ್ಲೇಟಿಂಗ್, ಅಂದರೆ ಬುಷ್ ಮೇಲೆ ಲೋಹದ ಲೇಪ, ಮಾಡಿಕೊಡುವ ವೆಂಡರ್ ಕಡೆ ಕೈ ತೋರಿಸಿದರು. ಎಂ.ಡಿ. ಎಲ್ಲರ ಮೇಲೂ ರೇಗಿದರು. ಮುಗೀತು, ಇಷ್ಟೇ ಆದದ್ದು.

ಮೂರನೇ ವಾರ ನಾನು ಶುಕ್ರವಾರವೇ ಕ್ವಾಲಿಟಿಯವರ ಪಕ್ಕ ಕೂತು, ‘ನಾವು ನಿಜವಾಗಿ ಏನನ್ನ ಆರಿಸಬೇಕು ಹೇಳಿ’ ಅಂತ ಕೇಳಿದೆ. ಅವರು ಹಾಳೆ ಮೇಲೆ ಚಿತ್ರ ಬರೆದರು. ತೂತಿನ ಗೋಡೆಗೆ 8 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು) ಜಿಂಕ್ ಕೂತರೆ, ಎರಡೂ ಕಡೆ ಸೇರಿ ವ್ಯಾಸ 16 ಮೈಕ್ರಾನ್ ಇಳಿಯುತ್ತದೆ. ನಮ್ಮ ಅಳತೆ ಪ್ಲೇಟಿಂಗ್‌ಗೆ ಮೊದಲು ಸರಿ, ಆಮೇಲೆ ತಪ್ಪು. ದಾರಿ ಎರಡೇ. ಮೊದಲೇ ತೂತನ್ನು ಅಷ್ಟು ದೊಡ್ಡದಾಗಿ ಇಡಬೇಕು, ಇಲ್ಲವೇ ಪ್ಲೇಟಿಂಗ್ ಮಾಡುವಾಗ ಒಳಗೆ ಬಿರಡೆ ಹಾಕಿ ಮುಚ್ಚಿಸಬೇಕು. ಮೊದಲನೆಯದಕ್ಕೆ ಪ್ರೋಗ್ರಾಂ ತಿದ್ದಿದರೆ ಸಾಕು, ಆದರೆ ವೆಂಡರ್ ಲೇಪ ಒಂದೊಂದು ಲಾಟಿಗೆ ಒಂದೊಂದು ಥರ ಕೂರಿಸಿದರೆ ಮತ್ತೆ ತೊಂದರೆ. ಎರಡನೆಯದಕ್ಕೆ ಬುಷ್ ಒಂದಕ್ಕೆ 2 ರೂಪಾಯಿ ಜಾಸ್ತಿ, ಮತ್ತೆ ಒಳಗೆ ಲೇಪ ಇಲ್ಲದಿರುವುದಕ್ಕೆ ಗಿರಾಕಿ ಒಪ್ಪಬೇಕು.

ಆ ವಾರದ ಅಜೆಂಡಾದಲ್ಲಿ ಬಂದ ಸಾಲು ಇದು:

‘ತೀರ್ಮಾನ: ಬುಷ್ ತೂತನ್ನು ಪ್ಲೇಟಿಂಗ್‌ಗೆ ಮೊದಲೇ 16 ಮೈಕ್ರಾನ್ ದೊಡ್ಡದಾಗಿ ಇಡೋಣವೇ, ಬಿರಡೆ ಹಾಕಿಸೋಣವೇ? ವಿಷಯ ಮಂಡಿಸುವವರು: ಕ್ವಾಲಿಟಿ. 20 ನಿಮಿಷ.’

ಹದಿನಾಲ್ಕು ನಿಮಿಷಕ್ಕೆ ಮುಗಿಯಿತು. ಮೊದಲ ದಾರಿ, ಜೊತೆಗೆ ವೆಂಡರ್ ಪ್ರತಿ ಲಾಟಿಗೂ ಲೇಪದ ದಪ್ಪದ ರಿಪೋರ್ಟ್ ಕೊಡಬೇಕು ಅಂತ ತೀರ್ಮಾನ. ಯಾರ ತಪ್ಪು ಅನ್ನುವ ಮಾತೇ ಬರಲಿಲ್ಲ. ಪ್ರಶ್ನೆಯಲ್ಲಿ ಅದಕ್ಕೆ ಜಾಗ ಇರಲಿಲ್ಲ.

ಬೇರೆ ಬೇರೆ ಆಫೀಸುಗಳಲ್ಲಿ ನಾನು ನೋಡಿದ, ತಿದ್ದಿದ ಇನ್ನು ಕೆಲವು ಸಾಲುಗಳು:

‘ವರ್ಕ್ ಫ್ರಂ ಹೋಂ ಕುರಿತು’ ಅನ್ನುವುದು ‘ವಾರದಲ್ಲಿ ಇಡೀ ಟೀಮ್ ಆಫೀಸಿಗೆ ಬರುವ ಎರಡು ದಿನ ಯಾವುವು?’ ಆಯಿತು.

‘ಹೊಸ ಸಾಫ್ಟ್‌ವೇರ್ ಕುರಿತು’ ಅನ್ನುವುದು ‘ಬಿಲ್ಲಿಂಗ್‌ಗೆ ನೋಡಿರುವ ಎರಡರಲ್ಲಿ ಯಾವುದನ್ನು ಒಂದು ತಿಂಗಳು ಟ್ರಯಲ್ ತಗೊಳ್ಳೋಣ?’ ಆಯಿತು.

‘ಗಿರಾಕಿಗಳ ದೂರಿನ ಕುರಿತು’ ಅನ್ನುವುದು ಬಹಳ ದಿನ ಬಗ್ಗಲಿಲ್ಲ. ಕೊನೆಗೆ ‘ಸಂಜೆ 6ರ ಮೇಲೆ ಬರುವ ಫೋನ್ ಯಾರು ಎತ್ತಬೇಕು?’ ಅಂತ ಆಯಿತು. ದೂರುಗಳನ್ನೆಲ್ಲ ಒಂದು ಕಡೆ ಬರೆದು ನೋಡಿದಾಗ ಜಾಸ್ತಿ ಪಾಲು ಸಂಜೆಯ ಫೋನಿನದ್ದೇ ಆಗಿತ್ತು.

ಪ್ರಶ್ನೆ ಬರೆಯಲು ಬರುತ್ತಿಲ್ಲ ಅಂದರೆ ಆ ವಿಷಯ ಇನ್ನೂ ಹಣ್ಣಾಗಿಲ್ಲ. ಅದನ್ನು ಮುಂದಿನ ವಾರಕ್ಕೆ ಹಾಕಿ, ಒಬ್ಬರಿಗೆ ಮಾಹಿತಿ ತರಲು ಹೇಳಿ. ಕಾಯಿಯಾಗಿರುವಾಗಲೇ ಕಿತ್ತು ಟೇಬಲ್ ಮೇಲೆ ಇಟ್ಟರೆ ಎಲ್ಲರೂ ಕಚ್ಚಿ ನೋಡಿ ಬಿಡುತ್ತಾರೆ ಅಷ್ಟೆ.

ಹೆಜ್ಜೆ 4: ಪ್ರತಿ ಸಾಲಿಗೂ ಒಬ್ಬರ ಹೆಸರು

ವಿಷಯ ಮಂಡಿಸುವವರು ಒಬ್ಬರೇ ಇರಲಿ. ‘ಪ್ರೊಡಕ್ಷನ್ ಮತ್ತು ಕ್ವಾಲಿಟಿ’ ಅಂತ ಬರೆದರೆ ಇಬ್ಬರೂ ತಯಾರಾಗಿ ಬರುವುದಿಲ್ಲ. ನನ್ನ ಮಾತು ನಂಬದಿದ್ದರೆ ಒಮ್ಮೆ ಪರೀಕ್ಷೆ ಮಾಡಿ.

ಇನ್ನೊಂದು ಹೆಸರು ಬಹಳ ಜನ ಮರೆಯುತ್ತಾರೆ: ತೀರ್ಮಾನ ಯಾರದ್ದು? ಎಂ.ಡಿ.ಯೇ ತೀರ್ಮಾನಿಸುವ ವಿಷಯವಾದರೆ ಹಾಗೇ ಬರೆಯಿರಿ. ನಲವತ್ತು ನಿಮಿಷ ಎಲ್ಲರ ಅಭಿಪ್ರಾಯ ಕೇಳಿ, ಕೊನೆಗೆ ‘ನಾನು ಆಗಲೇ ಆರ್ಡರ್ ಹಾಕಿಬಿಟ್ಟಿದೀನಿ’ ಅಂದರೆ ಮುಂದಿನ ಸಲ ಯಾರೂ ಬಾಯಿ ಬಿಡುವುದಿಲ್ಲ.

ಯಾವ ಸಾಲಿನಲ್ಲೂ ಹೆಸರು ಬರದವರನ್ನು ಕರೆಯಬೇಡಿ. ಕರೆಯದಿದ್ದರೆ ಬೇಜಾರು ಮಾಡಿಕೊಳ್ಳುತ್ತಾರೆ ಅನ್ನುವ ಭಯ ನಮ್ಮ ಆಫೀಸುಗಳಲ್ಲಿ ಇದ್ದೇ ಇದೆ, ಮದುವೆ ಪತ್ರಿಕೆ ಹಂಚುವ ಹಾಗೆ. ಅದಕ್ಕೆ ನಾನು ಮಾಡುತ್ತಿದ್ದ ಉಪಾಯ: ಅಜೆಂಡಾ ಎಲ್ಲರಿಗೂ ಕಳಿಸುವುದು, ಕೂರಲು ಬೇಕಾದವರ ಹೆಸರು ಮಾತ್ರ ಮೇಲೆ ಬರೆಯುವುದು. ಒಂದೇ ವಿಷಯಕ್ಕೆ ಬೇಕಾದವರಿಗೆ ‘ನಿಮ್ಮದು 10:25ಕ್ಕೆ, ಆವಾಗ ಬಂದರೆ ಸಾಕು’ ಅಂತ ಹೇಳುವುದು. ಮೊದಮೊದಲು ಮುಖ ಊದಿಸಿಕೊಂಡವರೇ ಆಮೇಲೆ ‘ಈ ವಾರ ನಾನು ಬೇಡ ಅಲ್ವಾ?’ ಅಂತ ಕೇಳಲು ಶುರು ಮಾಡಿದರು.

ಹೆಜ್ಜೆ 5: ಯಾವುದು ಮೊದಲು, ಎಷ್ಟು ನಿಮಿಷ

ಆ ಆಯುಧಪೂಜೆ ಸಾಲಿನ ಕಥೆ ಈಗ ಹೇಳಬೇಕು. ಒಂದು ವರ್ಷ ಅದೇ ಮೀಟಿಂಗಿನಲ್ಲಿ ಎರಡು ವಿಷಯ ಇದ್ದವು. ಹೊಸ ಸಿಎನ್‌ಸಿ ಮಷಿನ್, ಲಕ್ಷಗಟ್ಟಲೆ ರೂಪಾಯಿಯ ಮಾತು. ಇನ್ನೊಂದು, ಪೂಜೆಗೆ ಕೊಡುವ ಸ್ವೀಟ್ ಬಾಕ್ಸ್. ಮಷಿನ್ ಹತ್ತು ನಿಮಿಷದಲ್ಲಿ ಮುಗಿಯಿತು. ಸ್ವೀಟ್ ಬಾಕ್ಸಿಗೆ ಐವತ್ತು ನಿಮಿಷ. ಮೈಸೂರು ಪಾಕಾ, ಕಾಜು ಬರ್ಫಿಯಾ, ಕಾಲು ಕೆಜಿಯಾ, ಅರ್ಧ ಕೆಜಿಯಾ, ಖಾರ ಸೇರಿಸಬೇಕಾ, ಸೆಕ್ಯೂರಿಟಿಯವರಿಗೂ ಕೊಡಬೇಕಾ. ಒಬ್ಬೊಬ್ಬರಿಗೂ ಒಂದೊಂದು ಅಂಗಡಿ ಗೊತ್ತಿತ್ತು.

ಇದು ನಮ್ಮೊಬ್ಬರದೇ ಕಥೆ ಏನಲ್ಲ. ಬ್ರಿಟನ್ನಿನ ಲೇಖಕ ಸಿ. ನಾರ್ತ್‌ಕೋಟ್ ಪಾರ್ಕಿನ್ಸನ್ 1957ರಲ್ಲಿ ಇಂಥದ್ದೇ ಒಂದು ಕಾಲ್ಪನಿಕ ಸಮಿತಿಯ ಬಗ್ಗೆ ಬರೆದಿದ್ದರು. ಆ ಸಮಿತಿ 1 ಕೋಟಿ ಪೌಂಡಿನ ಅಣು ರಿಯಾಕ್ಟರನ್ನು ಎರಡೂವರೆ ನಿಮಿಷದಲ್ಲಿ ಒಪ್ಪುತ್ತದೆ, 350 ಪೌಂಡಿನ ಸೈಕಲ್ ಶೆಡ್ಡಿನ ಮೇಲೆ 45 ನಿಮಿಷ ಚರ್ಚೆ ಮಾಡುತ್ತದೆ. ಕಾರಣ ಸರಳ. ರಿಯಾಕ್ಟರ್ ಯಾರಿಗೂ ಗೊತ್ತಿಲ್ಲ, ಶೆಡ್ ಎಲ್ಲರಿಗೂ ಗೊತ್ತು.

ಅದಕ್ಕೇ ನಿಮಿಷಗಳನ್ನು ಮೊದಲೇ ಬರೆಯಬೇಕು, ಎಲ್ಲರಿಗೂ ಕಾಣುವ ಹಾಗೆ. ನನ್ನ ಅಂದಾಜು ಹೀಗೆ: ತೀರ್ಮಾನದ ವಿಷಯಕ್ಕೆ 10ರಿಂದ 20 ನಿಮಿಷ, ಯೋಚನೆಯ ವಿಷಯಕ್ಕೆ 10ರಿಂದ 15. ತಿಳಿಸುವ ವಿಷಯಕ್ಕೆ ಸೊನ್ನೆ, ಅದು ಹಾಳೆಯ ಕೆಳಗೆ ಬರೆದಿರಲಿ. ಒಂದು ಗಂಟೆ ಇದ್ದರೆ 50 ನಿಮಿಷಕ್ಕೆ ಮಾತ್ರ ಅಜೆಂಡಾ ಹಾಕಿ. ಮೂರು ವಿಷಯಕ್ಕಿಂತ ಜಾಸ್ತಿ ತೀರ್ಮಾನ ಒಂದು ಗಂಟೆಯಲ್ಲಿ ಆಗಿದ್ದನ್ನು ನಾನಂತೂ ನೋಡಿಲ್ಲ.

ಕ್ರಮದ ವಿಷಯಕ್ಕೆ ಬಂದರೆ, ದೊಡ್ಡ ತೀರ್ಮಾನ ಮೊದಲು. ‘ಸಣ್ಣಪುಟ್ಟದ್ದು ಬೇಗ ಮುಗಿಸಿಬಿಡೋಣ’ ಅಂತ ಶುರು ಮಾಡಿದರೆ ಸಣ್ಣಪುಟ್ಟದ್ದೇ ಊಟದ ಹೊತ್ತಿನವರೆಗೂ ಹಿಡಿಯುತ್ತದೆ. ಒಂದು ವಿಷಯದ ಉತ್ತರ ಇನ್ನೊಂದಕ್ಕೆ ಬೇಕಾಗಿದ್ದರೆ ಅದನ್ನು ಮುಂದೆ ಹಾಕಿ. ಬೇಗ ಏಳಬೇಕಾದವರ ವಿಷಯವನ್ನೂ ಮುಂದೆ ಹಾಕಿ. ಸ್ವೀಟ್ ಬಾಕ್ಸಿನಂಥದ್ದನ್ನು ಅಜೆಂಡಾದಿಂದಲೇ ತೆಗೆಯಿರಿ. ಮುಂದಿನ ವರ್ಷ ನಾವು ‘ಬಾಕ್ಸಿಗೆ ಇಷ್ಟು ರೂಪಾಯಿ ಮಿತಿ, ಆಯ್ಕೆ ಸ್ಟೋರ್ಸ್‌ನವರದ್ದು’ ಅಂತ ಗ್ರೂಪಿನಲ್ಲಿ ಒಂದು ಸಾಲು ಹಾಕಿದೆವು. ಮೈಸೂರು ಪಾಕ್ ಬಂತು. ಯಾರೂ ತಿನ್ನದೆ ಬಿಡಲಿಲ್ಲ.

ಸಮಯ ಇಡುವಾಗ ಒಂದು ಸಣ್ಣ ವಿಷಯ. ಕೆಲವು ಕಡೆ ಯಜಮಾನರು ರಾಹುಕಾಲ ನೋಡುತ್ತಾರೆ. ಶುಕ್ರವಾರ ಹತ್ತೂವರೆಯಿಂದ ಹನ್ನೆರಡು, ಮಂಗಳವಾರ ಮಧ್ಯಾಹ್ನ ಮೂರರಿಂದ ನಾಲ್ಕೂವರೆ. ಹೊಸ ಒಪ್ಪಂದ, ಹೊಸ ಮಷಿನ್ ಅಂಥ ವಿಷಯ ಆ ಹೊತ್ತಿಗೆ ಇಟ್ಟರೆ ಕೊನೇ ಗಳಿಗೆಯಲ್ಲಿ ಮುಂದೆ ಹೋಗುತ್ತದೆ. ನೀವು ನಂಬುತ್ತೀರೋ ಬಿಡುತ್ತೀರೋ, ಕ್ಯಾಲೆಂಡರ್ ಒಮ್ಮೆ ನೋಡಿ ಟೈಮ್ ಇಟ್ಟರೆ ನಿಮಗೇ ಕಷ್ಟ ಕಮ್ಮಿ.

ಹೆಜ್ಜೆ 6: ಓದಲು ಬೇಕಾದ ಹಾಳೆ

ತೀರ್ಮಾನದ ಪ್ರತಿ ವಿಷಯಕ್ಕೂ ಅರ್ಧ ಪುಟದ ಟಿಪ್ಪಣಿ ಬೇಕು. ಏನಾಗಿದೆ, ಇರುವ ದಾರಿಗಳು ಯಾವುವು, ಒಂದೊಂದಕ್ಕೂ ಖರ್ಚೆಷ್ಟು, ಮಂಡಿಸುವವರ ಸಲಹೆ ಏನು. ಅಷ್ಟೇ. ಬುಷ್ ವಿಷಯದಲ್ಲಿ ಕ್ವಾಲಿಟಿಯವರು ಬರೆದ ಚಿತ್ರವನ್ನೇ ಫೋಟೋ ತೆಗೆದು ಹಾಕಿದ್ದೆ.

ಮೊದಲೇ ಕಳಿಸಿದರೂ ಜನ ಓದಿಕೊಂಡು ಬರುವುದಿಲ್ಲ. ಬೈದು ಪ್ರಯೋಜನ ಇಲ್ಲ, ಎಲ್ಲರಿಗೂ ಅವರವರ ಕೆಲಸ ಇರುತ್ತದೆ. ಅಮೆಜಾನ್‌ನಲ್ಲಿ ಅದರ ಸ್ಥಾಪಕ ಜೆಫ್ ಬೆಜೋಸ್ 2004ರಲ್ಲಿ ಹಿರಿಯರ ಮೀಟಿಂಗ್‌ಗಳಿಂದ ಪವರ್‌ಪಾಯಿಂಟ್ ತೆಗೆಸಿ, ಬರೆದ ಟಿಪ್ಪಣಿ ತರಲು ಹೇಳಿದರು. ಆರು ಪುಟದವರೆಗೂ ಇರುವ ಆ ಟಿಪ್ಪಣಿಯನ್ನು ಮೀಟಿಂಗ್ ಶುರುವಿನಲ್ಲಿ ಎಲ್ಲರೂ ಮಾತಿಲ್ಲದೆ ಕೂತು ಓದುತ್ತಾರೆ. ನಮಗೆ ಆರು ಪುಟ ಬೇಡ. ಆದರೆ ಮೊದಲ ಐದು ನಿಮಿಷ ಓದಿಗೆ ಅಂತ ಅಜೆಂಡಾದಲ್ಲೇ ಬರೆದುಬಿಡಿ. ಮೊದಲ ವಾರ ಎಲ್ಲರೂ ಮುಜುಗರದಿಂದ ಒಬ್ಬರ ಮುಖ ಒಬ್ಬರು ನೋಡುತ್ತಾರೆ, ಮೂರನೇ ವಾರಕ್ಕೆ ಅಭ್ಯಾಸವಾಗುತ್ತದೆ.

ಭಾಷೆ ಮರೆಯಬೇಡಿ. ಶಾಪ್ ಫ್ಲೋರ್ ಸೂಪರ್‌ವೈಸರ್ ಕನ್ನಡದಲ್ಲಿ ಯೋಚಿಸಿ ಕನ್ನಡದಲ್ಲಿ ಮಾತಾಡುವವರಾದರೆ ಟಿಪ್ಪಣಿಯನ್ನು ಇಂಗ್ಲಿಷಿನಲ್ಲಿ ಯಾಕೆ ಕಳಿಸಬೇಕು? ಟಿಪ್ಪಣಿಯನ್ನು ನಾನು ಕನ್ನಡಕ್ಕೆ ಬದಲಾಯಿಸಿದ ವಾರವೇ ಇಬ್ಬರು ಸೂಪರ್‌ವೈಸರ್‌ಗಳು ಮೀಟಿಂಗಿಗೆ ಮೊದಲು ಬಂದು ತಿದ್ದುಪಡಿ ಹೇಳಿದರು. ಅಷ್ಟು ದಿನ ಅವರು ಅದನ್ನು ತೆರೆದೇ ನೋಡಿರಲಿಲ್ಲ.

ಹೆಜ್ಜೆ 7: ಕಳಿಸುವುದು

ಕಂಪನಿಯ ಬೋರ್ಡ್ ಮೀಟಿಂಗಿಗೆ ಕಾನೂನೇ ಇದೆ. 2013ರ ಕಂಪನಿ ಕಾಯ್ದೆಯ 173ನೇ ಸೆಕ್ಷನ್ ಪ್ರಕಾರ ನಿರ್ದೇಶಕರಿಗೆ ಕನಿಷ್ಠ 7 ದಿನ ಮೊದಲು ನೋಟಿಸ್ ಕೊಡಬೇಕು. ಅಂಥ ಮೀಟಿಂಗಿಗೆ ಕಂಪನಿ ಸೆಕ್ರೆಟರಿಯವರನ್ನು (ಕಂಪನಿ ಕಾನೂನಿನ ಕೆಲಸ ನೋಡಿಕೊಳ್ಳುವವರು) ಕೇಳಿಯೇ ಮುಂದುವರಿಯಿರಿ. ವಾರದ ಮೀಟಿಂಗಿಗೆ ಹಿಂದಿನ ಕೆಲಸದ ದಿನ ಸಂಜೆ 4ರ ಒಳಗೆ ಹೋದರೆ ಸಾಕು. ಸೋಮವಾರದ್ದು ಶುಕ್ರವಾರ. ಭಾನುವಾರ ರಾತ್ರಿ ಹತ್ತಕ್ಕೆ ಕಳಿಸಿದರೆ ಓದುವುದಿಲ್ಲ, ಬೈಯುತ್ತಾರೆ.

ಪಿಡಿಎಫ್ ಮಾಡಿ ಅಂಟಿಸಬೇಡಿ. ಮೆಸೇಜಿನ ಒಳಗೇ ಬರೆಯಿರಿ, ಬಸ್ಸಿನಲ್ಲಿ ನಿಂತುಕೊಂಡು ಮೊಬೈಲಿನಲ್ಲಿ ಓದುವ ಹಾಗೆ.

ಬೇರೆ ದೇಶದವರು ಇದ್ದರೆ ಎರಡೂ ಕಡೆಯ ಗಂಟೆ ಬರೆಯಿರಿ. ಕ್ಯಾಲಿಫೋರ್ನಿಯಾ ನಮಗಿಂತ ಬೇಸಿಗೆಯಲ್ಲಿ ಹನ್ನೆರಡೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ಹದಿಮೂರೂವರೆ. ಮಾರ್ಚಿನಲ್ಲೂ ನವೆಂಬರಿನಲ್ಲೂ ಅವರ ಗಡಿಯಾರ ಬದಲಾಗುತ್ತದೆ, ನಮ್ಮದು ಬದಲಾಗುವುದಿಲ್ಲ. ನಮ್ಮ ರಾತ್ರಿ ಎಂಟೂವರೆ ಅವರಿಗೆ ಒಮ್ಮೆ ಬೆಳಿಗ್ಗೆ 8, ಇನ್ನೊಮ್ಮೆ ಬೆಳಿಗ್ಗೆ 7. ನವೆಂಬರಿನ ಮೊದಲ ವಾರ ಖಾಲಿ ಸ್ಕ್ರೀನ್ ನೋಡುತ್ತಾ ಒಂದು ಗಂಟೆ ಕೂತವರಲ್ಲಿ ನಾನೂ ಒಬ್ಬ. ಇಂಥ ಮೀಟಿಂಗಿನಲ್ಲಿ ಎರಡೂ ಕಡೆಯವರು ಬೇಕೇ ಬೇಕಾದ ಪ್ರಶ್ನೆ ಮಾತ್ರ ಇರಲಿ, ಉಳಿದದ್ದು ಬರಹದಲ್ಲಿ.

ಪೂರ್ತಿ ಅಜೆಂಡಾ ಹೀಗಿರುತ್ತದೆ

ಸೋಮವಾರ, ಬೆಳಿಗ್ಗೆ 10:00ರಿಂದ 10:50, ಮೇಲಿನ ಮಹಡಿ ಕ್ಯಾಬಿನ್
ಕೂರುವವರು: ಎಂ.ಡಿ., ಪ್ರೊಡಕ್ಷನ್, ಕ್ವಾಲಿಟಿ, ಪರ್ಚೇಸ್. ಡಿಸ್ಪ್ಯಾಚ್ 10:25ಕ್ಕೆ, ಎಚ್.ಆರ್. 10:35ಕ್ಕೆ.
ಏಳುವಾಗ ಕೈಯಲ್ಲಿ ಇರಬೇಕಾದದ್ದು: ಬುಷ್ ರಿಜೆಕ್ಷನ್‌ಗೆ ಒಂದು ದಾರಿ, ಗುರುವಾರದ ಲೋಡಿನ ಪಟ್ಟಿ.

10:00 – ಓದು. ಟಿಪ್ಪಣಿ ಜೊತೆಗಿದೆ. (5 ನಿಮಿಷ)
10:05 – ತೀರ್ಮಾನ: ಬುಷ್ ತೂತು 16 ಮೈಕ್ರಾನ್ ದೊಡ್ಡದಾಗಿ ಇಡೋಣವೇ, ಬಿರಡೆ ಹಾಕಿಸೋಣವೇ? ಮಂಡಿಸುವವರು: ಕ್ವಾಲಿಟಿ. ಕೊನೆಯ ಮಾತು: ಪ್ರೊಡಕ್ಷನ್ ಮ್ಯಾನೇಜರ್. (20 ನಿಮಿಷ)
10:25 – ತೀರ್ಮಾನ: ಗುರುವಾರದ ಲಾರಿಗೆ ಎರಡು ಆರ್ಡರ್‌ಗಳಲ್ಲಿ ಯಾವುದು ಮೊದಲು? ಮಂಡಿಸುವವರು: ಡಿಸ್ಪ್ಯಾಚ್. ಕೊನೆಯ ಮಾತು: ಎಂ.ಡಿ. (10 ನಿಮಿಷ)
10:35 – ಯೋಚನೆ: ಎರಡನೇ ಶಿಫ್ಟಿಗೆ ಆಪರೇಟರ್ ಸಿಗುತ್ತಿಲ್ಲ. ಏನೇನು ಮಾಡಬಹುದು? ಇವತ್ತು ತೀರ್ಮಾನ ಇಲ್ಲ, ದಾರಿಗಳು ಮಾತ್ರ. ಮಂಡಿಸುವವರು: ಎಚ್.ಆರ್. (10 ನಿಮಿಷ)
10:45 – ಯಾರು, ಏನು, ಯಾವತ್ತಿಗೆ: ಓದಿ ಹೇಳುವುದು. (5 ನಿಮಿಷ)

ತಿಳಿಸುವುದು: ಬುಧವಾರ 2ನೇ ಮಷಿನ್ ಸರ್ವಿಸ್‌ಗೆ ನಿಲ್ಲುತ್ತದೆ. ಪ್ರಶ್ನೆ ಇದ್ದರೆ ಮೇಂಟೆನೆನ್ಸ್‌ನವರನ್ನು ಕೇಳಿ.

ಹೆಜ್ಜೆ 8: ಮೀಟಿಂಗಿನ ಒಳಗೆ ಅಜೆಂಡಾ ಕಾಯುವುದು

ಅಜೆಂಡಾ ಬರೆದವರು ಅದನ್ನು ಕೈಯಲ್ಲಿ ಹಿಡಿದು ಕೂರಬೇಕು. ದಾರಿ ತಪ್ಪಿಸುವವರು ಸಾಮಾನ್ಯವಾಗಿ ಎಲ್ಲರಿಗಿಂತ ದೊಡ್ಡವರೇ ಆಗಿರುತ್ತಾರೆ, ಕಷ್ಟ ಅಲ್ಲೇ ಇರುವುದು. ಬುಷ್ ವಿಷಯದ ಮಧ್ಯೆ ನಮ್ಮ ಎಂ.ಡಿ. ಒಮ್ಮೆ ‘ಅಂದಹಾಗೆ ಆ ಕ್ಯಾಂಟೀನ್ ಬಿಲ್ ಏನ್ರೀ ಅಷ್ಟೊಂದು?’ ಅಂದರು. ಎಲ್ಲರೂ ಕ್ಯಾಂಟೀನ್ ಕಡೆ ತಿರುಗಿದರು.

‘ಸರ್, ಬರ್ಕೊಂಡಿದೀನಿ. ಬುಷ್ ಮುಗಿದ ಮೇಲೆ ತಗೊಳೋಣ್ವಾ, ಇಲ್ಲಾ ಮಧ್ಯಾಹ್ನ ನಾನೇ ಬಿಲ್ ತಂದು ತೋರಿಸ್ಲಾ?’ ಅಂದೆ.

‘ಮಧ್ಯಾಹ್ನ ತನ್ನಿ’ ಅಂದರು.

ಇದರಲ್ಲಿ ಎರಡು ಕೆಲಸ ಆಗಿದೆ. ಅವರ ಮಾತು ಬಿದ್ದುಹೋಗಲಿಲ್ಲ, ಹಾಳೆ ಮೇಲೆ ಬಂತು. ಆಮೇಲೆ, ಬೇಡ ಅನ್ನುವ ಬದಲು ಎರಡು ದಾರಿ ಮುಂದಿಟ್ಟು ಆರಿಸಲು ಕೊಟ್ಟೆ. ಬರೆದುಕೊಂಡದ್ದನ್ನು ಮಧ್ಯಾಹ್ನ ನಿಜವಾಗಿಯೂ ತೆಗೆದುಕೊಂಡು ಹೋಗಬೇಕು. ಒಮ್ಮೆ ಮರೆತರೆ ಮುಂದಿನ ಸಲ ಈ ಉಪಾಯ ನಡೆಯುವುದಿಲ್ಲ.

‘ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರೆ ವಿಷಯಗಳು’ ಅನ್ನುವ ಕೊನೆಯ ಸಾಲನ್ನು ವಾರದ ಮೀಟಿಂಗಿನಿಂದ ತೆಗೆದುಬಿಡಿ. ಮೊದಲು ತಯಾರಿ ಮಾಡದವರಿಗೆ ಅದು ಹಿಂಬಾಗಿಲು. ಬೋರ್ಡ್ ಮೀಟಿಂಗಿನಲ್ಲೂ ಅಷ್ಟು ಸಲೀಸಿಲ್ಲ. ಕಂಪನಿ ಸೆಕ್ರೆಟರಿಗಳ ಸಂಸ್ಥೆಯ ಎಸ್‌ಎಸ್-1 ನಿಯಮದ ಪ್ರಕಾರ, ಅಜೆಂಡಾದಲ್ಲಿ ಇಲ್ಲದ ವಿಷಯ ಎತ್ತಲು ಅಧ್ಯಕ್ಷರ ಅನುಮತಿ ಮಾತ್ರ ಸಾಲದು, ಹಾಜರಿರುವ ನಿರ್ದೇಶಕರಲ್ಲಿ ಬಹುಪಾಲು ಜನರ ಒಪ್ಪಿಗೆಯೂ ಬೇಕು. ನಿಜವಾಗಿ ತುರ್ತು ಇದ್ದರೆ ಮೀಟಿಂಗ್ ಶುರುವಿನಲ್ಲೇ ಹೇಳಲಿ. ಅದಕ್ಕೆ ಜಾಗ ಮಾಡಲು ಪಟ್ಟಿಯಿಂದ ಯಾವುದನ್ನು ತೆಗೆಯಬೇಕು ಅಂತಲೂ ಅವರೇ ಹೇಳಲಿ.

ಬರೆದ ನಿಮಿಷ ಮುಗಿದರೂ ತೀರ್ಮಾನ ಆಗದಿದ್ದರೆ? ‘ಇನ್ನೂ ಹತ್ತು ನಿಮಿಷ ತಗೊಳೋಣ್ವಾ? ಹಾಗಾದ್ರೆ ಶಿಫ್ಟ್ ವಿಷಯ ಮುಂದಿನ ವಾರಕ್ಕೆ ಹೋಗುತ್ತೆ’ ಅಂತ ಬೆಲೆ ಹೇಳಿ ಕೇಳಿ. ಹೆಚ್ಚಿನ ಸಲ ಆ ಮಾತಿಗೇ ತೀರ್ಮಾನ ಬಂದುಬಿಡುತ್ತದೆ.

ದಿನದ ಮೀಟಿಂಗ್, ತಿಂಗಳ ಮೀಟಿಂಗ್

ಎಲ್ಲದಕ್ಕೂ ಇಷ್ಟು ದೊಡ್ಡ ತಯಾರಿ ಬೇಡ. ಬೆಂಗಳೂರಿನ ಸಾಫ್ಟ್‌ವೇರ್ ಟೀಮ್‌ಗಳಲ್ಲಿ ನಡೆಯುವ, ಕೆಲಸವನ್ನು ಸಣ್ಣ ಸುತ್ತುಗಳಾಗಿ ಒಡೆದು ಮಾಡುವ ಸ್ಕ್ರಮ್ ಪದ್ಧತಿಯಲ್ಲಿ ದಿನದ ಮೀಟಿಂಗಿಗೆ 15 ನಿಮಿಷದ ಮಿತಿ. ಒಂದು ತಿಂಗಳ ಸ್ಪ್ರಿಂಟ್ (ಅಂಥ ಒಂದು ಸುತ್ತು) ಆದರೆ ಪ್ಲ್ಯಾನಿಂಗ್‌ಗೆ ಹೆಚ್ಚೆಂದರೆ 8 ಗಂಟೆ, ರಿವ್ಯೂಗೆ 4, ಕೆಲಸ ಹೇಗೆ ನಡೆಯಿತು ಅಂತ ಹಿಂದಿರುಗಿ ನೋಡುವ ರೆಟ್ರೋಸ್ಪೆಕ್ಟಿವ್‌ಗೆ 3. ದಿನದ ಮೀಟಿಂಗಿಗೆ ಪ್ರಶ್ನೆ ಒಂದೇ ಸಾಕು: ‘ಇವತ್ತಿನ ಕೆಲಸಕ್ಕೆ ಏನು ಅಡ್ಡ ಬಂದಿದೆ?’ ಉತ್ತರ ಉದ್ದವಾದರೆ ಆ ಇಬ್ಬರು ಆಮೇಲೆ ನಿಂತು ಮಾತಾಡಲಿ. ತಿಂಗಳ ಮೀಟಿಂಗಿನಲ್ಲಿ ಇದಕ್ಕೆ ಉಲ್ಟಾ. ಅಲ್ಲಿ ಒಂದೇ ದೊಡ್ಡ ಯೋಚನೆಯ ವಿಷಯಕ್ಕೆ ಅರ್ಧ ಹೊತ್ತು ಇಡಿ, ಅಂಕಿಅಂಶ ಓದುವುದಕ್ಕೆ ಇಡಬೇಡಿ.

ಹೆಜ್ಜೆ 9: ಅದೇ ಹಾಳೆಯಲ್ಲಿ ನಡಾವಳಿ

ನಡಾವಳಿಯಲ್ಲಿ ‘ಕುರಿತು’ವಿನ ತಮ್ಮ ಒಬ್ಬ ಇದ್ದಾನೆ: ‘ಚರ್ಚಿಸಲಾಯಿತು’. ಅವನ ಜೊತೆಗೇ ಬರುವವನು ‘ಕ್ರಮ ಕೈಗೊಳ್ಳಲು ಸೂಚಿಸಲಾಯಿತು’. ಯಾರು ಸೂಚಿಸಿದರು, ಯಾರಿಗೆ, ಯಾವತ್ತಿಗೆ? ಆ ವಾಕ್ಯದಲ್ಲಿ ಒಬ್ಬ ಮನುಷ್ಯನೂ ಇಲ್ಲ. ‘ವೆಂಡರ್ ಜೊತೆ ಪರ್ಚೇಸ್‌ನವರು ಬುಧವಾರದೊಳಗೆ ಮಾತಾಡಿ, ಲೇಪದ ರಿಪೋರ್ಟ್ ಬಗ್ಗೆ ಬರಹದಲ್ಲಿ ಒಪ್ಪಿಗೆ ತರುತ್ತಾರೆ’ ಅಂತ ಬರೆಯಿರಿ.

ಬೇರೆ ಫೈಲ್ ಬೇಡ. ಅಜೆಂಡಾದ ಪ್ರತಿ ಪ್ರಶ್ನೆಯ ಕೆಳಗೆ ಎರಡು ಸಾಲು ಖಾಲಿ ಬಿಟ್ಟಿರಿ, ಉತ್ತರವನ್ನು ಅಲ್ಲೇ ತುಂಬಿ. ಬೋರ್ಡ್ ಮೀಟಿಂಗಿನ ನಡಾವಳಿ ಪುಸ್ತಕಕ್ಕೆ ಏರಿಸಲು ಕಾನೂನು 30 ದಿನ ಕೊಡುತ್ತದೆ. ವಾರದ ಮೀಟಿಂಗಿನದ್ದು ಅವತ್ತು ಸಂಜೆಯೇ ಹೋಗಬೇಕು. ಮರುದಿನಕ್ಕೆ ಇಟ್ಟರೆ ಒಬ್ಬೊಬ್ಬರ ನೆನಪಿನಲ್ಲೂ ಒಂದೊಂದು ತೀರ್ಮಾನ ಇರುತ್ತದೆ.

ತಿಂಗಳಿಗೊಮ್ಮೆ ನಾಲ್ಕು ವಾರದ ಹಾಳೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಮೂರು ವಾರ ಸತತವಾಗಿ ಮುಂದಕ್ಕೆ ಹೋದ ವಿಷಯ ಸಿಕ್ಕರೆ ಅದನ್ನು ನಾಲ್ಕನೇ ಸಲ ಅಜೆಂಡಾಗೆ ಹಾಕಬೇಡಿ, ಯಾಕೆ ನಿಂತಿದೆ ಅಂತ ಎದ್ದು ಹೋಗಿ ವಿಚಾರಿಸಿ. ನಮ್ಮಲ್ಲಿ ‘ಕುಡಿಯುವ ನೀರಿನ ಫಿಲ್ಟರ್ ಬದಲಿಸುವುದು’ ಅನ್ನುವ ಸಾಲು ಎಷ್ಟೋ ವಾರ ಹಾಗೇ ಸಾಗುತ್ತಿತ್ತು. ಕೊನೆಗೆ ನೋಡಿದರೆ, ಅದರ ಮುಂದೆ ಹೆಸರಿದ್ದವರು ಎರಡು ತಿಂಗಳ ಹಿಂದೆಯೇ ಕೆಲಸ ಬಿಟ್ಟು ಹೋಗಿದ್ದರು. ಮೇಂಟೆನೆನ್ಸ್‌ನವರಿಗೆ ಒಂದು ಫೋನ್ ಮಾಡಿದೆ. ಮರುದಿನ ಬೆಳಿಗ್ಗೆ ಹೊಸ ಫಿಲ್ಟರ್ ಬಂತು.